ಸಿಂಪಡಿಸುವ ಮೊದಲಿನ ಉಪ್ಪು

ಗುರುವಾರ, ಬೆಳಿಗ್ಗೆ ಏಳೂವರೆ

ನನ್ನ ಸಿಡುಕುಮೂತಿ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಫೋನು ಎತ್ತುವುದಿಲ್ಲವೆಂದು ನೀನು ಶಪಥ ಮಾಡಿದ್ದೀಯ. ಬಾಗಿಲ ಸಂದಿ ಅಂಥ ಶಪಥವೇನೂ ಮಾಡಿಲ್ಲವಲ್ಲ, ಅದಕ್ಕೇ ಈ ಕಾಗದ. ಪೂರ್ತಿ ಓದಿ ಆಮೇಲೆ ಹರಿದು ಹಾಕು. ಅರ್ಧಕ್ಕೆ ಬೇಡ ಕಣೇ, ಕೈ ಮುಗಿಯುತ್ತೇನೆ.

ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎದುರಿಗೆ ನಿಂತು ಹೇಳಿದರೆ ನನ್ನ ಬಾಯಿಂದ ಮತ್ತೆ ಜೋಕೇ ಉದುರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟಿದ ಮೂರನೇ ದಿನ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದುಕೊಂಡರಲ್ಲ? 'ನೋಡೇ, ಹೆಬ್ಬೆಟ್ಟಿನ ಬದಲು ಹಿಮ್ಮಡಿ ಒತ್ತಿಸ್ಕೊಂಡ್ರು' ಅಂತ ನಿನ್ನನ್ನು ನಗಿಸಿದ್ದೆ. ಅಳಿಯಂದಿರು ಲಾರಿ ಓಡಿಸುತ್ತ ದೂರದೂರಿನಲ್ಲಿ, ನೀನು ನಕ್ಕು ಮತ್ತೆ ಮಂಪರಿಗೆ ಜಾರಿದ್ದೆ. ಹಾಗಾಗಿ ಅವತ್ತು ಫಾರ್ಮಿನಲ್ಲಿ ನನ್ನ ನಂಬರನ್ನೇ ಬರೆದಿದ್ದೆ.

ಸೋಮವಾರ ನಿನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಆ ನಂಬರಿಗೆ ಫೋನು ಬಂತು. ಮಗುವಿನ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರುವಂತಿಲ್ಲ, ನಾಳೆಯೇ ಕರೆತನ್ನಿ ಅಂದಳು ನರ್ಸು. ಹೂಂ ಅಂದೆ. ಕೈ ಒರೆಸಿಕೊಂಡು ಹೊರಗೆ ಬಂದರೆ ನೀನು ಮಗುವಿನ ಕೆನ್ನೆ ತಟ್ಟುತ್ತಿದ್ದೆ. 'ಅಮ್ಮಾ, ಇವ್ಳು ಹಾಲಿಗೂ ಏಳ್ತಿಲ್ಲ, ಅತ್ರೆ ದನೀನೂ ಗೊಗ್ಗರು. ತೋರಿಸ್ಕೊಂಡು ಬರೋಣ್ವಾ?' ಅಂದೆ. ನಾನು ಹೇಳಿದ್ದೇನು? 'ಅಳದ ಮಗು ಸಿಕ್ತು ಅಂತ ಅಳೋ ತಾಯೀನ ಮೊದ್ಲು ತೋರಿಸ್ಬೇಕು ಡಾಕ್ಟ್ರಿಗೆ!' ನಿನಗೆ ರೇಗಿತು. 'ನಿನ್ನ ಜೋಕು ನಿನ್ನ ಹತ್ರಾನೇ ಇಟ್ಕೊಂಡು ಮನೆಗೆ ಹೋಗಮ್ಮ' ಅಂದೆ. ನಾನು ಹೋದೆ. ಜೋಕಿನ ಜೊತೆಗೆ ಫೋನಿನ ಸುದ್ದಿಯನ್ನೂ ತೆಗೆದುಕೊಂಡೇ ಹೋದೆ.

ನಿನ್ನೆ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದೆ, ರಿಪೋರ್ಟು ತಪ್ಪು ಅನ್ನಿಸಿಕೊಂಡು ಬರೋಣವೆಂದು. ಮಗು ಎಲ್ಲಿ ಅಂತ ನರ್ಸು ನನ್ನ ಚೀಲದೊಳಗೇ ಇಣುಕಿದಳು. ಆಮೇಲೆ ಬಸುರಿಯಾಗಿದ್ದಾಗ ನೀನು ಏನೇನು ತಿಂದೆ ಅಂತ ಕೇಳಿದಳು. ಹಾಲು, ಮೊಟ್ಟೆ, ಮೀನು ಯಾವುದೂ ನಿನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ ಅಂದೆ. ಉಪ್ಪು ಯಾವುದು ಅಂದಳು. 'ನಮ್ಮ ಫ್ಯಾಕ್ಟರೀದೇ! ಔಷಧಿ ಬೀಳೋಕೆ ಮುಂಚೆ ನಾನೇ ಬಾಚಿದ್ದು. ಅಪ್ಪಟ!' ಅಂತ ಎದೆಯುಬ್ಬಿಸಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಆ ಔಷಧಿಯೇ ಅಯೋಡಿನ್, ಅದಿಲ್ಲದೆ ಥೈರಾಯ್ಡ್ ಕೆಲಸ ಮಾಡುವುದಿಲ್ಲ ಅಂದಳು.

ಹದಿನೇಳು ವರ್ಷದಿಂದ ನನ್ನ ಕೆಲಸವೇನು ಹೇಳು? ಬೆಲ್ಟಿನ ಮೇಲೆ ಹರಿಯುವ ಉಪ್ಪಿಗೆ ಅಯೋಡಿನ್ ನೀರು ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳದಂತೆ ಕಾಯುವುದು. ಗಂಟೆಗೊಮ್ಮೆ ಚಿಟಿಕೆ ಉಪ್ಪಿಗೆ ಪರೀಕ್ಷೆಯ ಹನಿ ಬಿಟ್ಟು, ನೀಲಿಯಾಯಿತೇ ಎಂದು ನೋಡುವುದು. ಊರವರ ಉಪ್ಪನ್ನೆಲ್ಲ ಹೀಗೆ ಕಾದವಳು ನಿನ್ನ ಡಬ್ಬಿಗೆ ಮಾತ್ರ ನಳಿಕೆಯ ಈಚೆಯಿಂದಲೇ ಬಾಚಿ ತಂದೆ. ಬೆಲ್ಟಿನ ಹೆಂಗಸರೆಲ್ಲ ಹಾಗೇ ಕಣೇ. ಮನೆಯಲ್ಲಿ ಬಸುರಿ ಇದ್ದರೆ 'ಕೆಮಿಕಲ್ ಯಾಕಮ್ಮಾ ಪಾಪ' ಅಂತ ಒಬ್ಬರಿಗೊಬ್ಬರು ಬಾಚಿಕೊಡುತ್ತೇವೆ. ಇವತ್ತು ಬೆಳಿಗ್ಗೆ ನನ್ನ ಮನೆಯಲ್ಲಿ ಉಳಿದಿದ್ದ ಅದೇ ಉಪ್ಪಿಗೆ ಫ್ಯಾಕ್ಟರಿಯಿಂದ ತಂದ ಹನಿ ಬಿಟ್ಟೆ. ಬೆಳ್ಳಗೇ ಇತ್ತು. ಎರಡು ಹನಿ, ಮೂರು ಹನಿ. ಬೆಳ್ಳಗೇ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದವನಿಗೆ ಈ ಉಪ್ಪೂ ಗೊತ್ತಿರಲಿಲ್ಲ, ಈ ತಾಯಿಯೂ ಗೊತ್ತಿರಲಿಲ್ಲ.

ಉಪ್ಪೇ ಕಾರಣ ಅಂತ ಈಗಲೇ ಹೇಳಲಾಗದಂತೆ. ಗ್ರಂಥಿಯೇ ಸರಿಯಾಗಿ ಬೆಳೆಯದೆ ಇರಬಹುದಂತೆ. 'ಕಾರಣ ಆಮೇಲೆ ಹುಡುಕೋಣ, ಮೊದ್ಲು ಮಗು ತನ್ನಿ' ಅಂದಳು ನರ್ಸು. ಪುಟ್ಟ ಮಾತ್ರೆ, ಪುಡಿ ಮಾಡಿ ಒಂದು ಚಮಚ ನಿನ್ನ ಹಾಲಿನಲ್ಲಿ ಕೊಡುವುದು, ಅಷ್ಟೇ. ಎರಡು ವಾರದೊಳಗೆ ಶುರುವಾದರೆ ಎಲ್ಲರ ಮಕ್ಕಳ ಹಾಗೇ ಬೆಳೆಯುತ್ತಾಳಂತೆ. ತಡವಾದರೆ ಬುದ್ಧಿಗೆ ಆಗುವ ನಷ್ಟವನ್ನು ಆಮೇಲೆ ಯಾವ ಮಾತ್ರೆಯೂ ತುಂಬಿಕೊಡುವುದಿಲ್ಲವಂತೆ. ಇವತ್ತಿಗೆ ಒಂಬತ್ತು ದಿನ. ಅದರಲ್ಲಿ ಮೂರು ದಿನ ನಾನು ನುಂಗಿದೆ.

ನಿನ್ನೆ ಹದಿನಾಲ್ಕು ಸಲ ಫೋನು ಮಾಡಿದೆ. ಸಂಜೆ ನಿನ್ನ ಬಾಗಿಲ ತನಕ ಬಂದೆ. ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು.

ಉಪ್ಪಿನ ಋಣ ಕೇಳುವ ಮುಖವೂ ಉಳಿಯದ,
ಅಮ್ಮ

ತಾ.ಕ.: ತಾಜಾ ಏನಲ್ಲ, ಮೂವತ್ತು ವರ್ಷ ಹಳೆಯದು. ನಿನಗಿಂತ ಮುಂಚಿನವನು ಹೊಟ್ಟೆಯಲ್ಲೇ ಹೋದ ಅಂದಿದ್ದೆನಲ್ಲ, ಸುಳ್ಳು. ನಿನ್ನ ಅಣ್ಣ ನಾಲ್ಕು ವರ್ಷ ಬದುಕಿದ್ದ. ಕೂತದ್ದು ಎರಡನೇ ವರ್ಷ ತುಂಬಿದ ಮೇಲೆ. ಅಮ್ಮ ಅನ್ನಲೇ ಇಲ್ಲ. ಎಳೆಗೂಸಾಗಿದ್ದಾಗ ಅವನೂ ಅಳುತ್ತಿರಲಿಲ್ಲ. ಎಂಥ ಒಳ್ಳೇ ಮಗು ಅಂತ ಬೀದಿಗೆ ಬೀದಿಯೇ ಹೊಗಳುತ್ತಿತ್ತು. ಅವನ ಹಿಮ್ಮಡಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಸೋಮವಾರ ನಿನ್ನ ತೊಡೆಯ ಮೇಲೆ ನಾನು ಕಂಡದ್ದು ಅವನನ್ನೇ. ಹೆದರಿ ನಕ್ಕುಬಿಟ್ಟೆ ಕಣೇ. ಕೆಳಗೆ ಆಟೋ ನಿಂತಿದೆ, ನಾನು ನಿನ್ನ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೈಯುವುದೆಲ್ಲ ದಾರಿಯಲ್ಲಿ ಬೈ. ಮಗುವನ್ನು ಎತ್ತಿಕೊಂಡು ಬಾ.