ಘಾಟಿ ಮುಚ್ಚುವುದರೊಳಗೆ

ಆಗಸ್ಟ್ 21, ಬೆಳಿಗ್ಗೆ

ಮತ್ತೆ ಗಾಡಿಯ ಹಾಸಿಗೆ ಒದ್ದೆ. ಅದೇ ಜಾಗ — ಹಿಂದಿನ ಮಂಚ, ಎಡಗಡೆಯ ದಿಂಬು. ಇವರದ್ದು. ನಿನ್ನೆ ಸಂಜೆ ಬಿದ್ದದ್ದು ಒಂದೇ ಮಳೆ. ಛಾವಣಿಯ ಗಾಳಿಕಿಂಡಿಗೆ ಹೊಸ ರಬ್ಬರ್ ಹಾಕಿ ವಾರ ಕೂಡ ಆಗಿಲ್ಲ. ಕಿಂಡಿಯ ಸುತ್ತ ಬೆರಳಾಡಿಸಿ ನೋಡಿದೆ. ಒಣಗಿದೆ. ಅಲ್ಲಿಂದ ಅಲ್ಲ ಅಂದ ಮೇಲೆ ಮತ್ತೆಲ್ಲಿಂದ?

ದಿಂಬು ಬಿಸಿಲಿಗೆ ಹಾಕಿದೆ. ಅತ್ತೆ ಬಾಗಿಲಲ್ಲೇ ನಿಂತು, “ಏನೇ, ಗಂಡ ತಲೆ ಇಡೋ ಮೊದಲೇ ದಿಂಬಿಗೆ ಸ್ನಾನ ಮಾಡಿಸ್ತಿದ್ದೀಯಾ?” ಅಂದರು. ನಗು ಬರಲಿಲ್ಲ. ಆಮೇಲೆ, ಒಳಗೆ ಬಂದ ಮೇಲೆ, ಬಂತು.

‘ಮನೆಗಾಡಿ’ ಎಂದು ಹೆಸರಿಟ್ಟವರು ಇವರೇ. ಹಳೆಯ ವ್ಯಾನಿನ ಬೆನ್ನಿಗೆ ಕಟ್ಟಿದ ಒಂದು ಕೋಣೆ. ಎರಡು ಮಂಚ, ಒಲೆ, ಸಿಂಕು, ತಿರುಗಿದರೆ ಮೊಣಕೈ ಬಡಿಯುವ ಬಚ್ಚಲು. ಹಿಮದ ಬೆಟ್ಟಗಳ ಆಚೆ, ಅಣೆಕಟ್ಟಿನ ಸುರಂಗದ ಕೆಲಸಕ್ಕೆ ಇವರು ಹೋಗಿ ಎರಡನೇ ವರ್ಷ. ಕ್ಯಾಂಪಿನಲ್ಲಿ ಗಂಡಸರಿಗೆ ಮಾತ್ರ ಬ್ಯಾರಕ್ಕು. ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಇರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕರಡು ತಿದ್ದುವ ನನ್ನ ಕೆಲಸ ಎಲ್ಲಿ ಕೂತರೂ ನಡೆಯುತ್ತದೆ. ಹಿಮ ಬಿದ್ದು ಘಾಟಿ ರಸ್ತೆ ಮುಚ್ಚುವುದರೊಳಗೆ ನಾನು ಹೋಗಿ ಸೇರಿಕೊಳ್ಳಬೇಕು. ಮುಚ್ಚಿದರೆ ಮತ್ತೆ ಬೇಸಿಗೆಗೇ.

ಎರಡನೇ ಚಳಿಗಾಲವೂ ಹೀಗೇ ಕಳೆಯಲು ನನ್ನಿಂದಾಗದು. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ಆಗಸ್ಟ್ 24

ಗಾಡಿಗಳ ಬಾಡಿ ರಿಪೇರಿಯ ಮೇಸ್ತ್ರಿ ಬಂದ. ಅತ್ತೆ ಇಟ್ಟ ಹೆಸರು ‘ಗೋಂದು ಮೇಸ್ತ್ರಿ’. ಎಲ್ಲದಕ್ಕೂ ಸಿಲಿಕೋನ್. ಕಿಟಕಿಗೆ, ಕಿಂಡಿಗೆ, ಹಿಂದಿನ ಏಣಿಯ ಸ್ಕ್ರೂಗಳಿಗೆ — ಕೇಕಿಗೆ ಕ್ರೀಮು ಬಳಿದಂತೆ ಬಳಿದ.

“ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಯ್ತಾ?”

“ಎಲ್ಲಿಂದಾದ್ರೂ ಸೋರಲಿ ಮೇಡಂ, ಎಲ್ಲಾ ಮುಚ್ಚಿಬಿಟ್ಟೆನಲ್ಲ!”

ಹೇಳಿದ್ದು ಸರಿ ಅನಿಸಿತು. ಆ ಕ್ಷಣಕ್ಕೆ.

ಆಗಸ್ಟ್ 25, ಸಂಜೆ

ಇವರ ಫೋನು. ಗಾಡಿ ರೆಡಿ ಅಂದೆ.

“ಏನು?”

“ಗಾಡಿ ರೆಡಿ!”

“ಏನಂದೆ? ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಕಣೇ.”

ಮೊದಲೆಲ್ಲ ಫೋನು ಇಟ್ಟ ಮೇಲೂ ಒಂದು ಗಂಟೆ ಮಾತು ಉಳಿದಿರುತ್ತಿತ್ತು. ಈಗ ಊಟ ಆಯ್ತಾ, ಅಮ್ಮ ಹೇಗಿದ್ದಾಳೆ, ಸರಿ ಇಡ್ತೀನಿ. ಧ್ವನಿ ಮಾತ್ರ ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಆ ಧ್ವನಿಗೆ ಕಿವಿಗೊಟ್ಟು, ಮಾತು ಮುಗಿದಿದ್ದರೂ ಫೋನು ಹಿಡಿದೇ ನಿಂತಿದ್ದೆ...

ಸೆಪ್ಟೆಂಬರ್ 2

ಇಡೀ ದಿನ ಮಳೆ. ಹಾಸಿಗೆ ಮೊದಲಿಗಿಂತ ಹೆಚ್ಚು ಒದ್ದೆ! ಮೇಸ್ತ್ರಿಯ ಗೋಂದು, ಒಳಗೆ ಹೋದ ನೀರು ಹೊರಗೆ ಹೋಗುವ ದಾರಿಯನ್ನೇ ಮುಚ್ಚಿದೆ. ಈಗ ಎಲ್ಲ ನೀರೂ ನೆಟ್ಟಗೆ ಮಂಚಕ್ಕೆ. ಅಡ್ಡಮಳೆಯಲ್ಲಿ ಕೊಡೆ ಹಿಡಿದು ಗಾಡಿ ಸುತ್ತ ಮೂರು ಸುತ್ತು ಬಂದೆ. ಏನೂ ಕಾಣಲಿಲ್ಲ. ನೋಡಿದವರು ಹುಚ್ಚಿ ಅಂದುಕೊಂಡಿರಬೇಕು.

ಬೇರೆಯವರ ಪುಸ್ತಕದಲ್ಲಿ ತಪ್ಪಿದ ಒಂದು ಒತ್ತಕ್ಷರ ಕಣ್ಣಿಗೆ ಬೀಳುತ್ತದೆ. ನನ್ನ ಗಾಡಿಯ ತೂತು ಕಾಣದು.

ಸೆಪ್ಟೆಂಬರ್ 4

ಗೋಂದು ಕೀಳುವುದೇ ಕೆಲಸ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಕೆರೆದು ಉಗುರು ಕಿತ್ತು ಬಂತು. ಇವರಿದ್ದಿದ್ದರೆ ಏಣಿ ಹಿಡಿದು ಕೆಳಗೆ ನಿಂತು, ‘ಬೀಳಬೇಡ ಮಾರಾಯ್ತಿ’ ಎಂದು ಹೇಳಿ ಹೇಳಿಯೇ ಬೀಳಿಸುತ್ತಿದ್ದರು.

ಸೆಪ್ಟೆಂಬರ್ 8, ಮಧ್ಯಾಹ್ನ

ನಾಲ್ಕು ದಿನದಿಂದ ಮಳೆಯಿಲ್ಲ. ಆದರೂ ಸಿಂಕಿನ ಕೆಳಗಿನ ನೆಲ ತೇವ. ತಲೆ ಕೆಟ್ಟು ಹೋಯಿತು. ಬಿಸಿಲಲ್ಲೂ ಸೋರುವ ಗಾಡಿ ಎಲ್ಲಾದರೂ ಉಂಟೇ?

ಅತ್ತೆಗೆ ಊಟದ ಮೇಲೆ ಗಾಡಿಯೊಳಗೆ ಅಡ್ಡಾಗುವುದು ಅಭ್ಯಾಸವಾಗಿದೆ. ಮನೆಯಲ್ಲಿ, ಮೇಲಿನ ಮಹಡಿಯಲ್ಲಿರುವ ನಾದಿನಿಯ ಮಕ್ಕಳ ಗಲಾಟೆ, ಇಲ್ಲಿ ಸದ್ದಿಲ್ಲ. ಅಲ್ಲಿಂದಲೇ ಕೂಗಿದರು.

“ಏ, ನಲ್ಲಿ ಬಿಟ್ಟಿದ್ದೀಯೇನೇ?”

“ಇಲ್ಲ ಅತ್ತೆ. ನಾನು ಹೊರಗಿದ್ದೀನಿ.”

“ಹಂಗಾದ್ರೆ ಈ ಪಂಪು ಯಾಕೆ ಆಗಾಗ ಗೊರ್ ಅಂತಿದೆ? ಯಾರಿಗೆ ನೀರು ಕೊಡ್ತಿದೆ ಇದು?”

ಹೋಗಿ ಕೂತೆ. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಗೊರ್! ನಲ್ಲಿ ತೆರೆದಾಗ ಮಾತ್ರ ಓಡಬೇಕಾದ ಪಂಪು, ಎಲ್ಲ ನಲ್ಲಿ ಮುಚ್ಚಿದ್ದರೂ ತಾನೇ ಓಡಿತೆಂದರೆ ಪೈಪಿನೊಳಗಿನ ಒತ್ತಡ ಎಲ್ಲೋ ಇಳಿಯುತ್ತಿದೆ. ಸಿಂಕಿನ ಹಿಂದಿನ ಹಲಗೆ ಬಿಚ್ಚಿದೆ. ಪೈಪಿನ ಜೋಡಣೆಯಲ್ಲಿ ಬೆವರಿನಂತೆ ಹನಿ. ಹೊಸ ಕ್ಲಿಪ್ಪು ಹಾಕಿ ಬಿಗಿದೆ. ಪಂಪು ಬಾಯಿ ಮುಚ್ಚಿತು.

ಸೋರುತ್ತಿದ್ದುದು ಒಂದಲ್ಲ, ಎರಡು. ಒಂದು ಸಿಕ್ಕಿತು. ಅತ್ತೆಯ ಕೆನ್ನೆ ಹಿಂಡಿದೆ. “ಥೂ, ಕೈ ಕೊಳೆ!” ಅಂದರು, ಖುಷಿಯಲ್ಲಿ.

ಸೆಪ್ಟೆಂಬರ್ 15

ಸಿಂಕಿನ ಪಕ್ಕದ ಇನ್ನೊಂದು ಮಂಚದ ಹಲಗೆ ಒತ್ತಿದೆ. ಬೆರಳು ಒಳಗೆ ಹೋಯಿತು. ನೆನೆದ ಬ್ರೆಡ್ಡಿನ ಹಾಗೆ. ಎಷ್ಟು ಕಾಲದಿಂದ ನೀರು ಕುಡಿದಿದೆಯೋ. ಪೂರ್ತಿ ಕತ್ತರಿಸಿ ತೆಗೆಯಬೇಕಾಯಿತು. ಉಳಿದದ್ದು ಒಂದೇ ಮಂಚ, ಹಿಂದಿನದು.

ಸಂಜೆ ಇವರಿಗೆ ಹೇಳಿದೆ. ಎರಡು ಸಲ ಹೇಳಿದೆ. ಆಮೇಲೆ —

“ಬಿಡು. ಈ ವರ್ಷ ಬರಬೇಡ.”

“ಯಾಕೆ?”

“ಏನು?”

“ಯಾಕೆ ಅಂದೆ!”

“ಇಲ್ಲಿ ಏನಿದೆ ಅಂತ ಬರ್ತೀಯ? ಧೂಳು, ಚಳಿ. ಅಲ್ಲೇ ಆರಾಮಾಗಿರು. ಮುಂದಿನ ವರ್ಷ ನೋಡೋಣ.”

ಸರಿ ಅಂದೆ. ಸರಿ ಎಂದು ಹೇಳಿದ್ದಾದರೂ ಕೇಳಿಸಿತೋ ಇಲ್ಲವೋ.

ಸೆಪ್ಟೆಂಬರ್ 16

ಕೆಲಸ ಮಾಡಲಿಲ್ಲ.

ಸೆಪ್ಟೆಂಬರ್ 28

ಏಣಿ ಗೋಡೆಗೆ ಒರಗಿಯೇ ಇದೆ. ಗಾಡಿಗೆ ಟಾರ್ಪಾಲು ಹೊದಿಸಿ ಬಿಟ್ಟಿದ್ದೆ. ಇಷ್ಟು ದಿನ ಒಂದೇ ಯೋಚನೆ — ನಾನಿಲ್ಲದೆ ಇರುವುದು ಇವರಿಗೆ ರೂಢಿಯಾಗಿ ಹೋಯಿತೇ? ಇರಬಹುದು. ನನಗೆ ಯಾಕೆ ಆಗುತ್ತಿಲ್ಲ? ಮಗುಚಿ ಹಾಕಿದ ಚಪಾತಿ ಸುಡುವಾಗ, ಬಟ್ಟೆ ಮಡಿಸುವಾಗ, ಯಾರೋ ಗೇಟು ತೆಗೆದ ಸದ್ದಿಗೆ... ಇವರು ಗೇಟನ್ನು ಕಾಲಿನಿಂದ ತಳ್ಳುತ್ತಾರೆ. ಬೇರೆ ಯಾರೂ ಹಾಗೆ ತಳ್ಳುವುದಿಲ್ಲ.

ಇವತ್ತು ಸಂಜೆ ಅತ್ತೆ ಮಗನ ಜೊತೆ ಫೋನಿನಲ್ಲಿ ಮಾತಾಡಿದರು. ಫೋನು ಇಟ್ಟು ನನ್ನ ಹತ್ತಿರ ಬಂದು ಕೂತರು. ಮುಖದಲ್ಲಿ ತಮಾಷೆ ಇರಲಿಲ್ಲ.

“ನೆಟ್‌ವರ್ಕ್ ಕೆಟ್ಟಿದ್ರೆ ಎರಡೂ ಕಡೆ ಕೆಡಬೇಕಲ್ವೇನೇ?”

“ಅಂದ್ರೆ?”

“ಅವನು ಹೇಳಿದ್ದು ನಂಗೆ ಚೆನ್ನಾಗಿ ಕೇಳುತ್ತೆ. ನಿಂಗೂ ಕೇಳುತ್ತೆ. ಕೇಳಿಸ್ದೆ ಇರೋದು ಅವನೊಬ್ಬನಿಗೇ. ಅವರಪ್ಪನೂ ಹೀಗೇ. ಹಲ್ಲುನೋವು ಬಂದ್ರೆ ಹಸಿವಿಲ್ಲ ಅಂತಿದ್ರು.”

ಸುರಂಗ. ದಿನಾ ಬಂಡೆ ಸಿಡಿಸುವುದು. ತಿಂಗಳುಗಟ್ಟಲೆ ‘ಏನು, ಏನು’ ಅನ್ನುತ್ತಿದ್ದಾರೆ, ನಾನು ಟವರಿಗೆ ಬೈಯುತ್ತಿದ್ದೇನೆ.

ಮೆಸೇಜ್ ಕಳಿಸಿದೆ. ಎರಡೇ ಪದ: “ಯಾವ ಕಿವಿ?”

ನೋಡಿದ ಗುರುತು ತಕ್ಷಣ ಬಂತು. ಉತ್ತರ ಬರಲಿಲ್ಲ. ಸಾರು ಬಿಸಿ ಮಾಡಿದೆ, ತಣ್ಣಗಾಯಿತು, ಮತ್ತೆ ಬಿಸಿ ಮಾಡಿದೆ. ಆಗ ಬಂತು.

“ಬಲಗಡೆದು. ಎಡಗಡೆದು ಅರ್ಧ. ಬೈಬೇಡ.”

ಹಿಂದೆಯೇ ಇನ್ನೊಂದು: “ಈಗ ಸುರಂಗದಿಂದ ಹೊರಗೆ ಹಾಕಿದಾರೆ, ಸ್ಟೋರ್ ಕೆಲಸ. ಡಾಕ್ಟ್ರು ನೋಡಿದಾರೆ.”

ಇನ್ನೊಂದು: “ನೀನು ಬಂದ್ರೆ ಪಕ್ಕದಲ್ಲಿ ಮಲಗಿ ಮಾತಾಡ್ತೀಯ. ನಂಗೆ ಕೇಳಿಸಲ್ಲ. ಅದಕ್ಕೇ.”

ಅತ್ತೆಗೆ ಓದಿ ಹೇಳಿದೆ, ಕೊನೆಯದೊಂದನ್ನು ಬಿಟ್ಟು. ಅದು ನನ್ನದು.

ಸೆಪ್ಟೆಂಬರ್ 29

ಟಾರ್ಪಾಲು ತೆಗೆದೆ.

ಅಕ್ಟೋಬರ್ 4

ಸಿಕ್ಕಿತು! ಸಿಕ್ಕಿತು!!

ಸೈಕಲ್ ಟ್ಯೂಬಿನ ಪಂಕ್ಚರ್ ಹೇಗೆ ಹುಡುಕುತ್ತಾರೆ? ಹೊರಗಿನಿಂದ ನೀರು ಬಿಟ್ಟಲ್ಲ, ಒಳಗಿನಿಂದ ಗಾಳಿ ಬಿಟ್ಟು. ಗಾಡಿಯೂ ಒಂದು ದೊಡ್ಡ ಟ್ಯೂಬು ಅಂದುಕೊಂಡರಾಯಿತು. ಗೋಂದು ಮೇಸ್ತ್ರಿಯನ್ನು ಕೇಳಿದೆ. ಪೇಂಟ್ ಒಣಗಿಸುವ ದೊಡ್ಡ ಬ್ಲೋವರ್ ಹೊತ್ತು ತಂದ. ನಾನು ಅವನ ಸಿಲಿಕೋನೆಲ್ಲ ಕೆರೆದು ತೆಗೆದದ್ದಕ್ಕೆ ಮುಖ ಊದಿಸಿಕೊಂಡಿದ್ದ, ಆದರೆ ಕುತೂಹಲ ಬಿಡಬೇಕಲ್ಲ. ಗಾಳಿಕಿಂಡಿ, ಸಿಂಕು, ಒಲೆಯ ಹೊಗೆಕಿಂಡಿ ಎಲ್ಲಕ್ಕೂ ಟೇಪು. ಒಂದು ಕಿಟಕಿಗೆ ರಟ್ಟು ಕಟ್ಟಿ, ಅದರಲ್ಲಿ ತೂತು ಕೊರೆದು ಬ್ಲೋವರ್ ಬಾಯಿ ಕೊಟ್ಟೆವು. ಗಾಡಿಯ ಹೊಟ್ಟೆ ಉಬ್ಬಿತು. ನಾನು ಬಕೆಟ್ ಸೋಪುನೀರು, ಸ್ಪಂಜು ಹಿಡಿದು ಏಣಿ ಹತ್ತಿದೆ.

ಹಿಂದೆ, ಮಂಚದ ಮೇಲೆ — ಏನಿಲ್ಲ. ಕಿಟಕಿ — ಏನಿಲ್ಲ. ಗಾಳಿಕಿಂಡಿ — ಏನಿಲ್ಲ. ಬ್ಲೋವರ್ ಆರಿಸು ಅನ್ನುವುದರಲ್ಲಿದ್ದೆ. ಎದುರಿನಿಂದ ಅತ್ತೆ, “ಏ, ಇಲ್ಲಿ ನೋಡೇ! ಕುದೀತಿದೆ!”

ಗಾಡಿಯ ಹಣೆ. ಡ್ರೈವರ್ ಸೀಟಿನ ಮೇಲೆ, ಛಾವಣಿಯ ಅಂಚಿನ ಪುಟ್ಟ ಕಿತ್ತಳೆ ದೀಪ. ನನ್ನ ಸ್ಪಂಜಿನಿಂದ ಮುಂದಕ್ಕೆ ಸಿಡಿದ ಸೋಪುನೀರು ಅದರ ಬುಡದಲ್ಲಿ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತಿದೆ. ದೀಪ ಬಿಚ್ಚಿದರೆ ಕೆಳಗಿನ ರಬ್ಬರ್ ಪುಡಿಪುಡಿ. ನಮ್ಮ ಅಂಗಳ ಹಿಂದಕ್ಕೆ ಇಳಿಜಾರು. ದೀಪದ ಬುಡದಲ್ಲಿ ಒಳಹೊಕ್ಕ ನೀರು ಛಾವಣಿಯ ಎರಡು ಪದರದ ನಡುವೆ ಗಾಡಿಯುದ್ದಕ್ಕೂ ಹರಿದು ಇವರ ದಿಂಬಿನ ಮೇಲೆ ಇಳಿಯುತ್ತಿತ್ತು.

“ಮೂಗು ಸೋರ್ತಾ ಇತ್ತು, ನಾವು ಕಾಲು ಒರೆಸ್ತಾ ಇದ್ವಿ,” ಅಂದರು ಅತ್ತೆ.

ಮೇಸ್ತ್ರಿ ಜೇಬಿಗೆ ಕೈ ಹಾಕಿದ. ಸಿಲಿಕೋನ್ ಟ್ಯೂಬು. “ಇಲ್ಲಿಗಾದ್ರೂ ಹಾಕ್ಲಾ ಮೇಡಂ?”

ಹಾಕಿಸಿದೆ. ಹೊಸ ರಬ್ಬರ್ ಕೂರಿಸಿದ ಮೇಲೆ, ಒಂದೇ ಒಂದು ಎಳೆ.

ಅಕ್ಟೋಬರ್ 9

ಬೆಳಗಿನಿಂದ ಧೋ ಎಂದು ಮಳೆ. ಹಿಂದಿನ ಮಂಚದ ಮೇಲೆ ಅತ್ತೆಯೂ ನಾನೂ ಕರಡು ಹರಡಿಕೊಂಡು ಕೂತೆವು. ಒಂದು ಹನಿಯೂ ಇಲ್ಲ. ಒಂದಕ್ಷರವೂ ಒದ್ದೆಯಾಗಲಿಲ್ಲ.

ಮೇಲೆ ಬೆಟ್ಟದಲ್ಲಿ ಹಿಮ ಶುರುವಾಗುತ್ತದಂತೆ. ಮುಂದಿನ ವಾರ ಘಾಟಿ ಮುಚ್ಚುತ್ತಾರೆಂದು ರೇಡಿಯೋದಲ್ಲಿ ಬಂತು.

“ಬಟ್ಟೆ ತುಂಬ್ಕೊಳ್ಳಿ ಅತ್ತೆ, ಒಟ್ಟಿಗೇ ಹೋಗೋಣ,” ಅಂದೆ. ಅವರ ಕಣ್ಣು ಹೊಳೆದದ್ದು ಕಂಡೆ. ಮಗನನ್ನು ಅವರೂ ನೋಡಿಲ್ಲ, ನನ್ನಷ್ಟೇ ಕಾಲದಿಂದ. ಮಂಚವನ್ನು ಆ ತುದಿಯಿಂದ ಈ ತುದಿಗೆ ಕೈಯಲ್ಲಿ ಸವರಿದರು.

“ಇರೋದೊಂದು ಮಂಚ. ನಾನೆಲ್ಲಿ ಮಲಗ್ಲಿ, ಸಿಂಕಲ್ಲಾ?”

“ನಾನು ಕೆಳಗೆ ಮಲಗ್ತೀನಿ.”

“ಅದಕ್ಕೇನಾ ಇಷ್ಟು ಒದ್ದಾಡಿದ್ದು? ಕೆಳಗೆ ಮಲಗಕ್ಕಾ?” ಬೈದರು, ನಿಜಕ್ಕೂ ಬೈದರು. ಆಮೇಲೆ ಕಿಟಕಿಯ ಕಡೆ ತಿರುಗಿ, “ಬೇಸಿಗೇಲಿ ಇನ್ನೊಂದು ಮಂಚ ಕಟ್ಸು. ಆಗ ಬರ್ತೀನಿ. ಅಲ್ಲೀವರೆಗೆ ಮಗಳ ಕೈ ಉಪ್ಪಿಲ್ಲದ ಅಡುಗೆ ತಿಂದ್ಕೊಂಡಿರ್ತೀನಿ.”

ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಕೂದಲಲ್ಲಿ ಕೈಯಾಡಿಸುತ್ತ ಏನೇನೋ ಹೇಳಿದರು — ಮಗ ಚಿಕ್ಕವನಿದ್ದಾಗ ಕಿವಿ ಚುಚ್ಚಿಸುವಾಗ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ್ದು, ಅದು ಇದು. ಮಳೆ ಸುರಿಯುತ್ತಲೇ ಇತ್ತು.

ಅಕ್ಟೋಬರ್ 13

ಹೊರಟೆ. ಇವರಿಗೆ ಹದಿನಾರಕ್ಕೆ ಬರುತ್ತೇನೆ ಎಂದಿದ್ದೇನೆ. “ಬೇಡ” ಎಂದು ಉತ್ತರ. ಸ್ವಲ್ಪ ಹೊತ್ತಿಗೆ “ನಿಧಾನ ಓಡಿಸು.”

ಅಕ್ಟೋಬರ್ 15, ಮಧ್ಯಾಹ್ನ

ಒಂದು ದಿನ ಮುಂಚೆಯೇ ತಲುಪಿದೆ. ಘಾಟಿಯಲ್ಲಿ ಹಿಮಮಳೆ, ತಿರುವುಗಳಲ್ಲಿ ಜೀವ ಬಾಯಿಗೆ ಬಂದಿತ್ತು. ಕ್ಯಾಂಪಿನ ಗೇಟಿನ ಹೊರಗೆ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಕಾವಲುಗಾರ ಒಳ್ಳೆಯವನು. ಸ್ಟೋರಿನವರು ಇದೇ ದಾರಿಯಲ್ಲಿ ನಡೆದು ಬರುತ್ತಾರೆ, ಇನ್ನೇನು ಶಿಫ್ಟು ಬಿಡುವ ಹೊತ್ತು ಅಂದ.

ತಲೆ ಬಾಚಿಕೊಂಡೆ. ಮತ್ತೆ ಬಾಚಿಕೊಂಡೆ. ಒಲೆಯ ಮೇಲೆ ಚಹಾ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೈರನ್ ಆಯಿತು. ಬರುತ್ತಿದ್ದಾರೆ. ಎಲ್ಲರದ್ದೂ ಒಂದೇ ಹಳದಿ ಟೋಪಿ, ಒಂದೇ ಕೋಟು. ಧೂಳು. ಹೇಗೆ ಗುರುತು ಹಿಡಿಯಲಿ —

ಅದೇ ನಡಿಗೆ. ಕೈ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು. ಎಷ್ಟು ಇಳಿದುಹೋಗಿದ್ದಾರೆ! ಒಬ್ಬರೇ ಬರುತ್ತಿದ್ದಾರೆ. ಯಾರೂ ಮಾತಾಡಿಸುವುದಿಲ್ಲವೇ ಇವರನ್ನು?

ಕಿಟಕಿಯಿಂದ ಕೂಗಿದೆ. ತಿರುಗಲಿಲ್ಲ. ಈ ಕಡೆಗಿರುವುದು ಬಲಗಿವಿ. ಗಾಡಿ ದಾಟಿ ಹೋಗುತ್ತಿದ್ದಾರೆ. ಇನ್ನು ಕೂಗುವುದಿಲ್ಲ. ಓಡಿ ಹೋಗಿ ಎಡಗಡೆಯಿಂದ —