ಮೂಲೆ ಹರಿದ ಕ್ಯಾಲೆಡೋನಿಯಾ

ಸೆಂಟರ್‌ವಿಲ್, ವರ್ಜೀನಿಯಾ
೧೧ ಮೇ ೧೯೯೭, ಭಾನುವಾರ

ಪ್ರೀತಿಯ ತ್ಯಾಗು,

ಶೇಷಾದ್ರಿಯ ನಮಸ್ಕಾರ. ಮೂವತ್ತೈದು ವರ್ಷದಿಂದ ನಾವಿಬ್ಬರೂ ಮೊದಲು ಬರೆಯುತ್ತಿದ್ದ ಕ್ಷೇಮಸಮಾಚಾರದ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನಾನು ಕ್ಷೇಮವೆಂದು ಬರೆಯಲು ನಾಚಿಕೆ, ನೀನು ಕ್ಷೇಮವೇ ಎಂದು ಕೇಳಲು ಅದಕ್ಕಿಂತ ನಾಚಿಕೆ. ತಡವಾದದ್ದಕ್ಕೆ ಕ್ಷಮಿಸು. ಒಂದು ವಾರದಿಂದ ದಿನಾ ಕೂತು ನಾಲ್ಕು ಸಾಲು ಗೀಚಿ ಹರಿದು ಹಾಕುತ್ತಿದ್ದೇನೆ. ಕಾರ್ಡಿನಲ್ಲಿ ಬರೆಯೋಣವೆಂದರೆ ಡ್ರಾಯರಿನಲ್ಲಿ ಇದ್ದದ್ದೆಲ್ಲ ಹಡಗಿನ ಚಿತ್ರದವೇ. ಈ ಮಾತಿಗೆ ಹಡಗು ಬೇಡವೆನಿಸಿ ಬಿಳಿ ಹಾಳೆ ತೆಗೆದುಕೊಂಡೆ.

ಹೋದ ಭಾನುವಾರ ವೇದಾ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದ ಸೋಫಾದಲ್ಲೇ ಇದ್ದೆ. ತಂಗಿಯ ಆಪರೇಷನ್ನಿಗೆಂದು ಜನವರಿಯಲ್ಲಿ ಮೈಸೂರಿಗೆ ಹೋದವಳು ವಾಪಸು ಬಂದು ನಾಲ್ಕೇ ದಿನವಾಗಿತ್ತು. ಸೂಟ್‌ಕೇಸು ಇನ್ನೂ ಹಾಲಿನಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. "ಅಣ್ಣಾ, ವರಲಕ್ಷ್ಮಿಗೆ ಫೋನ್ ಕೊಡಿ. ಅವಳು ಹೇಳಿದ್ ಕಲರ್ರೇ ಸಿಕ್ಕೇಬಿಡ್ತು, ಸೀರೆ ತಂದಿದೀನಿ," ಎಂದಳು. ನೀನು ಆ ಕಡೆಯಿಂದ ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಅವಳು ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿ, "ವರಲಕ್ಷ್ಮಿ ಹೋಗ್ಬಿಟ್ಟಳಂತೆ. ಫೆಬ್ರವರಿಲಿ. ನಿಮಗೆ ಕಾರ್ಡ್ ಹಾಕಿದ್ರಂತಲ್ರೀ," ಎಂದಳು.

"ಯಾವ ಕಾರ್ಡು?" ಎಂದೆ.

ನಿನ್ನ ಹತ್ತಿರ ಅಳುತ್ತ ಏನೇನೋ ಹೇಳಿ ಫೋನಿಟ್ಟವಳು ನೇರ ಬೇಸ್‌ಮೆಂಟಿಗೆ ಹೋಗಿ, ನನ್ನ ಹಡಗಿನ ಕಾರ್ಡುಗಳ ಏಳನೇ ಆಲ್ಬಮ್ಮನ್ನು ತಂದು ಊಟದ ಮೇಜಿನ ಮೇಲೆ ಇಟ್ಟು ಹಾಳೆ ಮಗುಚತೊಡಗಿದಳು. ಹುಡುಕುವುದು ಕಷ್ಟವಾಗಲಿಲ್ಲ. ಇಡೀ ಆಲ್ಬಮ್ಮಿನಲ್ಲಿ ಮೂಲೆ ಹರಿದ ಕಾರ್ಡು ಅದೊಂದೇ. ರಾಥ್‌ಸೇ ಬಂದರಿನಲ್ಲಿ ನಿಂತ ಕ್ಯಾಲೆಡೋನಿಯಾ ಹಡಗು, ಎರಡು ಹಳದಿ ಚಿಮಣಿ, ಕೆಳಗೆ ಎಡಗಡೆ ಹೆಬ್ಬೆರಳಗಲ ಖಾಲಿ. ಪ್ಲಾಸ್ಟಿಕ್ಕಿನ ಚೀಲದಿಂದ ಹೊರಗೆಳೆದು ತಿರುಗಿಸಿ ಗಟ್ಟಿಯಾಗಿ ಓದಿದಳು. "ಶೇಷ, ವರಲಕ್ಷ್ಮಿ ಸೋಮವಾರ ಹೋದಳು. ಫೋನಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಹದಿಮೂರನೆಯ ದಿನ ಶನಿವಾರ, ಇಪ್ಪತ್ತೆರಡಕ್ಕೆ. ಮಂತ್ರ ಹೇಳುವವರು ಸಿಕ್ಕಿದ್ದಾರೆ, ಪಕ್ಕದಲ್ಲಿ ಕೂರಲು ನೀನು ಬಾ."

ನಾನು ಬಾಯಿಬಿಡುವ ಮೊದಲೇ ಅವಳು ಶುರುಮಾಡಿದಳು. "ಮೂಲೆ ಹರಿದ ಕಾರ್ಡ್ ಅಂದ್ರೆ ಏನು ಅಂತ ಗೊತ್ತಿಲ್ವಾ ನಿಮ್ಗೆ? ಅಗ್ರಹಾರದಲ್ಲೇ ಹುಟ್ಟಿ ಬೆಳೆದೋರು ತಾನೇ?"

"ಹಳೇ ಕಾರ್ಡು ಕಣೇ. ಮೂಲೆ ಮುಕ್ಕಾಗಿರತ್ತೆ ಅಂದ್ಕೊಂಡೆ. ಹಿಂದೆ ನೋಡ್ಲಿಲ್ಲ," ಎಂದೆ.

ತ್ಯಾಗು, ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆಯಲ್ಲ. ಕಾರ್ಡು ಬಂದರೆ ಅಂಚು ಹಿಡಿದು ಬೆಳಕಿಗೆ ಒಡ್ಡುತ್ತೇವೆ, ಚಿಮಣಿಗೆ ಸರಿಯಾದ ಬಣ್ಣ ಬಳಿದಿದ್ದಾನೋ ಇಲ್ಲವೋ ನೋಡುತ್ತೇವೆ, ಚೀಲಕ್ಕೆ ಇಳಿಸುತ್ತೇವೆ. ಬೆನ್ನಿಗೆ ಬೆನ್ನು ಹಚ್ಚಿ ಎರಡೆರಡು ಕಾರ್ಡು ಇಟ್ಟರೆ ಹಿಂಭಾಗ ಯಾರಿಗೂ ಕಾಣುವುದಿಲ್ಲ. ನೀನು ಹಿಂದೆ ಬರೆಯುವುದಾದರೂ ಏನಿರುತ್ತಿತ್ತು, ಯಾವ ವರ್ಷ ಕಟ್ಟಿದ್ದು, ಯಾವ ದ್ವೀಪಕ್ಕೆ ಓಡುತ್ತಿತ್ತು, ಅಷ್ಟೇ ತಾನೆ. ಜೊತೆಗೆ ಆ ವಾರ ನಾನು ಅಟ್ಲಾಂಟಾಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹೀಗೆ ಓದದೇ ಉಳಿಯಿತು. ಯುಗಾದಿಗೆ ನಿಮ್ಮ ಮನೆಗೆ ಫೋನು ಮಾಡುವ ಕೆಲಸ ಯಾವತ್ತೂ ವೇದಾಳದ್ದು, ಈ ಸಲ ಅವಳು ಇರಲಿಲ್ಲ.

ಚಿಕ್ಕಂದಿನಲ್ಲಿ ನಮ್ಮಮ್ಮ ಸಾವಿನ ಸುದ್ದಿ ತಂದ ಅಂಥ ಕಾರ್ಡನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಜಗಲಿಯ ಮೇಲೆ ನಿಂತೇ ಓದಿಸಿ, ಅಲ್ಲೇ ಚೂರು ಮಾಡಿ, ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ನಾನು ನೋಡು, ಆ ಸುದ್ದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಭದ್ರ ಮಾಡಿ ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಂಡೆ. ಸ್ನಾನವಿಲ್ಲ, ಏನಿಲ್ಲ. ಬಂದವರಿಗೆಲ್ಲ ಆಲ್ಬಮ್ ತೆರೆದು ತೋರಿಸಿದ್ದೇನೆ. ಥೂ ನನ್ನ ಜನ್ಮಕ್ಕಿಷ್ಟು.

ಇದಕ್ಕಿಂತ ಹೆಚ್ಚು ಸುಡುವುದು ನಾನು ಮಾರ್ಚಿನಲ್ಲಿ ಬರೆದ ಉತ್ತರ. "ಲೋ ಜುಗ್ಗ, ಮೂಲೆ ಕಿತ್ತುಹೋದ ಕಾರ್ಡನ್ನು ನನ್ನ ತಲೆಗೆ ಕಟ್ಟುತ್ತೀಯಾ? ಒಂದು ಮುಕ್ಕಾಗದ್ದು ಕಳಿಸು" ಎಂದು ಬರೆದಿದ್ದೆ. ಕೊನೆಗೆ ವರಲಕ್ಷ್ಮಿಗೆ ನಮಸ್ಕಾರ ಅಂತ ಬೇರೆ. ನೀನು ಹತ್ತು ದಿನದಲ್ಲಿ ಡಚೆಸ್ ಆಫ್ ಹ್ಯಾಮಿಲ್ಟನ್ ಹಡಗಿನ ಕಾರ್ಡು ಕಳಿಸಿದೆ. ನಾಲ್ಕು ಮೂಲೆಯೂ ಚೂಪು. ಹಿಂದೆ "ಇದರ ಮೂಲೆ ಸರಿಯಾಗಿದೆ" ಎಂದಷ್ಟೇ ಇತ್ತು. ಬೈಯಬಾರದಿತ್ತೇನೋ? ಫೋನೆತ್ತಿ ನಾಲ್ಕು ಮಾತು ಬೈದಿದ್ದರೆ ನಾನು ಆವತ್ತೇ ಕಾರು ತೆಗೆಯುತ್ತಿದ್ದೆ. ನೀನು ಯಾವಾಗಲೂ ಹೀಗೆಯೇ, ನೋವಾದರೆ ಕೇಳಿದ್ದನ್ನು ಕೊಟ್ಟುಬಿಡುತ್ತೀಯ.

ವರಲಕ್ಷ್ಮಿಗೆ ನಮ್ಮ ಈ ಚಟ ಕಂಡರೆ ನಗು. ನಿಮ್ಮ ಫೋರ್ಟ್ ಮಿಲ್ ಮನೆಯಲ್ಲಿ ನಾವಿಬ್ಬರೂ ಕಾರ್ಪೆಟ್ಟಿನ ಮೇಲೆ ಕಾರ್ಡು ಹರಡಿಕೊಂಡು ಜಗಳವಾಡುತ್ತಿದ್ದರೆ ಅವಳು ಕಾಫಿ ತಂದಿಟ್ಟು, ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಹಿಂದಿನ ಬರಹ ಓದುತ್ತಿದ್ದಳು. "ನೋಡ್ರಿ, ಈಯಮ್ಮಂಗೆ ನೆಗಡಿಯಂತೆ. ದ್ವೀಪಕ್ಕೆ ಬಂದಾಗಿಂದ ಬಿಸಿಲೇ ಕಂಡಿಲ್ಲವಂತೆ. ಪಾಪ, ಮಗಳು ಬರ್ತಾಳೋ ಇಲ್ವೋ ಅಂತ ಕೇಳಿದಾಳೆ. ಬಂದಳೋ ಏನೋ!" ಎಂದು ಎಂಬತ್ತು ವರ್ಷದ ಹಿಂದಿನ ಯಾರೋ ಹೆಂಗಸಿಗಾಗಿ ಮರುಗುತ್ತಿದ್ದಳು. ನಾವು ಚಿಮಣಿ ಎಣಿಸುತ್ತಿದ್ದೆವು. ಅವಳ ಅಡುಗೆಯನ್ನು ಅಷ್ಟು ವರ್ಷ ಉಂಡವನು ನಾನು, ಅವಳು ಹೋದಳೆಂದು ಒಂದು ಹೊತ್ತು ಉಪವಾಸವನ್ನೂ ಮಾಡಲಿಲ್ಲ.

ಈ ವಾರವೆಲ್ಲ ನೆನಪಾಗುತ್ತಿರುವುದು ಅರವತ್ತೆರಡರ ಆಗಸ್ಟು. ಗ್ಲಾಸ್ಗೋಗೆ ನಾವು ಹಡಗಿನ ಎಂಜಿನ್ನು ಕಲಿಯಲು ಬಂದು ಒಂದು ವರ್ಷವಾಗಿತ್ತು. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಇದೇ ಕ್ಯಾಲೆಡೋನಿಯಾ ಹತ್ತಿ ರಾಥ್‌ಸೇಗೆ ಹೋದದ್ದು. ಊರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ನನಗೆ ಅದಕ್ಕೆ ಹಿಂದಿನ ವಾರ ಬಂದಿತ್ತು. ರೂಮಿನಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ನೀನೇ ಎಳೆದುಕೊಂಡು ಹೋದೆ. ಇಡೀ ದಿನ ಹಡಗಿನ ನೀರು ಬಡಿಯುವ ಚಕ್ರದ ಪಕ್ಕದ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದೆ, ಒಂದು ಮಾತಾಡಲಿಲ್ಲ. ಮನೆಯ ಹೊರಗೆ ಯಾರಾದರೂ ನನಗೆ ಅಷ್ಟು ಮಾಡಿದ್ದು ಅದೊಂದೇ ಸಲ. ಆ ಹಡಗಿನ ಕಾರ್ಡನ್ನೇ ನೀನು ಆರಿಸಿದ್ದು ಯಾಕೆಂದು ನನಗೆ ಗೊತ್ತಾಗುತ್ತದೆ ಕಣೋ.

ವೇದಾ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ತಟ್ಟೆ ಹಾಕಿ "ಊಟ" ಎನ್ನುತ್ತಾಳೆ, ಅಷ್ಟೆ. ಆ ಸೀರೆಯನ್ನು ಏನು ಮಾಡುವುದೆಂದು ಗೊತ್ತಾಗದೆ ಬೀರುವಿನ ಮೇಲಿಟ್ಟಿದ್ದಾಳೆ. ಮಗಳು ಯಾಮಿನಿ ಕಾಲೇಜಿನಿಂದ ಬಂದವಳು ಎಲ್ಲ ಕೇಳಿಸಿಕೊಂಡು, "ಡ್ಯಾಡ್, ಲೆಟರ್ ಯಾಕೆ? ಜಸ್ಟ್ ಡ್ರೈವ್ ಡೌನ್. ತ್ಯಾಗು ಅಂಕಲ್ ಅಲೋನ್ ಇದಾರಲ್ಲ," ಎಂದಳು. ಮಕ್ಕಳಿಗೆ ಎಷ್ಟು ಸುಲಭ ನೋಡು. ನಿನ್ನ ಬಾಗಿಲಿನ ಮುಂದೆ ನಿಂತು ಏನೆಂದು ಕರೆಯಲಿ ನಾನು?

ಆದರೂ ಬರುತ್ತೇನೆ. ಮುಂದಿನ ಶನಿವಾರ ವೇದಾಳನ್ನೂ ಕರೆದುಕೊಂಡು ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಆಲ್ಬಮ್ ತರುವುದಿಲ್ಲ. ನೀನು ಊಟಕ್ಕೇನು ಮಾಡಿಕೊಳ್ಳುತ್ತಿದ್ದೀಯೋ ಎಂದು ವೇದಾ ಹುಳಿಪುಡಿ, ಸಾರಿನ ಪುಡಿ ಎರಡೂ ಕಟ್ಟಿಟ್ಟಿದ್ದಾಳೆ. ಬಿಪಿ ಮಾತ್ರೆ ಬಿಡಬೇಡ. ಮಗಳು ಚೈತನ್ಯಾ ನಿನ್ನನ್ನು ತನ್ನ ಮನೆಗೆ ಕರೆದರೆ ಹಠ ಮಾಡದೆ ಸ್ವಲ್ಪ ದಿನ ಹೋಗಿ ಇದ್ದು ಬಾ. ತಾಯಿಯಿಲ್ಲದ ಮನೆಗೆ ಅವಳು ತಾನೇ ಹೇಗೆ ಬಂದು ಹೋಗುತ್ತಾಳೆ, ಪಾಪ. ಆ ಮಗುವಿಗೆ ನನ್ನ ಆಶೀರ್ವಾದ. ಅವಳ ಹೊಟ್ಟೆ ತಣ್ಣಗಿರಲಿ, ನಿನ್ನ ಕಣ್ಣೆದುರಿಗೆ ಚೆನ್ನಾಗಿರಲಿ. ವರಲಕ್ಷ್ಮಿ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ,
ಶೇಷ

ತಾ.ಕ.: ಲಕೋಟೆಗೆ ಸ್ಟಾಂಪು ಹಚ್ಚಿ ಆದ ಮೇಲೆ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ದೊಡ್ಡ ಸುಳ್ಳಿದೆ. ವೇದಾಳಿಗೂ ಅದನ್ನೇ ಹೇಳಿದ್ದೇನೆ.

ಕಾರ್ಡನ್ನು ನಾನು ಓದಿದ್ದೆ, ತ್ಯಾಗು. ಮೇಲ್‌ಬಾಕ್ಸಿನ ಹತ್ತಿರವೇ. ಮೂಲೆ ಕಂಡ ಕೂಡಲೇ ಏನೆಂದು ಗೊತ್ತಾಯಿತು, ಅಮ್ಮನ ಮಗನಿಗೆ ಗೊತ್ತಾಗದೆ ಇರುತ್ತದೆಯೇ? ತಿರುಗಿಸಿ ನಿನ್ನ ಅಷ್ಟೂ ಸಾಲು ಓದಿದೆ. ಅದೇ ಶನಿವಾರ ಅಟ್ಲಾಂಟಾದಲ್ಲಿ ಹಳೆಯ ಕಾರ್ಡುಗಳ ಮೇಳವಿತ್ತು, ಆದರೆ ಅದು ಬರೀ ನೆಪ. ವರಲಕ್ಷ್ಮಿ ಇಲ್ಲದ ಮನೆಯಲ್ಲಿ ನಿನ್ನ ಪಕ್ಕ ಕೂರಲು ನನಗೆ ಹೆದರಿಕೆಯಾಯಿತು. ಕಾರ್ಡನ್ನು ಚೀಲಕ್ಕೆ ಇಳಿಸಿ ಹೊರಟುಬಿಟ್ಟೆ. ವಾಪಸು ಬಂದ ಮೇಲೆ ನಿನಗೆ ಹೇಳಲು ಏನೂ ಉಳಿದಿರಲಿಲ್ಲ. ನಾನು ಓದಿಲ್ಲವೆಂದು ನೀನು ನಂಬಲಿ ಎಂದೇ ಆ ತಮಾಷೆಯ ಉತ್ತರ ಬರೆದದ್ದು.

ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಷಾರ್ಲೆಟ್ ದಾಟುತ್ತಿದ್ದೆ. ಅಲ್ಲಿಂದ ನಿನ್ನ ಮನೆಗೆ ಇಪ್ಪತ್ತೈದು ನಿಮಿಷ. ಎಕ್ಸಿಟ್ಟಿಗೆಂದು ಸಿಗ್ನಲ್ ಹಾಕಿದೆ, ಆಮೇಲೆ ಆರಿಸಿ ನೇರ ಹೋದೆ. ಬರುತ್ತೇನೆ ಎಂದು ಮೇಲೆ ಜೋರಾಗಿ ಬರೆದಿದ್ದೇನಲ್ಲ, ಇದನ್ನು ಓದಿದ ಮೇಲೆ ನೀನೇ ಹೇಳು, ಬರಬಹುದೇ?