ಹುಲ್ಲಿಲ್ಲದ ಬಯಲು

ಮಾರ್ಚ್ 3, ಭಾನುವಾರ, ಸಂಜೆ

ಮತ್ತೆ ಅದೇ ಕಥೆ. ಆನ್‌ಲೈನ್ ಆಟದಲ್ಲಿ ಮಗಳು ಸೇತುವೆ ದಾಟಿ ಹೋಗಿಯಾಯಿತು, ನನ್ನ ಗೊಂಬೆ ಒಂದು ಕಾಲು ಎತ್ತಿಕೊಂಡು ಅಲ್ಲೇ ನಿಂತಿತ್ತು. ಲ್ಯಾಪ್‌ಟಾಪ್ ಬಿಸಿಗೆ ತೊಡೆ ಚುರುಗುಟ್ಟಿತು. ಫೋನ್ ಸ್ಪೀಕರಿನಲ್ಲಿ ಅವಳ ಗೆಳತಿ ನಕ್ಕಿದ್ದು ಕೇಳಿಸಿತು — “ನಿಮ್ಮಪ್ಪ ಬಂದ್ರೆ ನಾವು ಸೋತಂಗೇ ಬಿಡು ಕಣೇ.” ಮಗಳು, “ಅಪ್ಪಾ, ಬೇರೆ ಲ್ಯಾಪ್‌ಟಾಪ್ ತಗೋಳಪ್ಪ.” ತಗೋಬೇಕಂತೆ. ಅಂಗಡಿಯಲ್ಲಿ ಬಿಟ್ಟಿ ಕೊಡುತ್ತಾರೆ ನೋಡು.

ವಾರಕ್ಕೆ ಒಂದು ಗಂಟೆ ಈ ಆಟ. ಬಿಟ್ಟುಹೋದ ಹೆಂಡತಿ ಒಪ್ಪಿದ್ದು ಅಷ್ಟೇ. ಅವರ ಹೊಸ ಮನೆಯ ಬಾಗಿಲಿಗೆ ನಾನು ಹೋಗುವಂತಿಲ್ಲ. ಮಗಳನ್ನು ನೋಡುವುದು ಇಲ್ಲೇ, ಈ ಪರದೆಯಲ್ಲೇ. ಇದೂ ಕೈತಪ್ಪಿದರೆ...

ಮಾರ್ಚ್ 5, ಮಂಗಳವಾರ

ಲಾಂಡ್ರಿಯಲ್ಲಿ ಅದೇ ಯೋಚನೆ ಮಾಡುತ್ತಾ ಯಾರದೋ ಬಿಳಿ ಕಾಲರ್ ಸುಟ್ಟೆ. ಮೇಲ್ವಿಚಾರಕಿ ಬೈದಳು. ಬೈಯಲಿ.

ರಿಪೇರಿ ಅಂಗಡಿಗೆ ಹೋಗಿ ಆಟ ಸರಾಗ ಓಡೋಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ ಎಂದೆ. ಅವನು ನನ್ನನ್ನೊಮ್ಮೆ ನೋಡಿದ, ಲ್ಯಾಪ್‌ಟಾಪನ್ನೊಮ್ಮೆ ನೋಡಿದ. “ಯಜಮಾನ್ರೇ, ಇದಕ್ಕೆ ಕಾರ್ಡ್ ಹಾಕೋಕಾಗಲ್ಲ, ಬೋರ್ಡಿಗೇ ಬೆಸೆದಿರ್ತಾರೆ. ಹಳೇ ರ‍್ಯಾಮ್ ಒಂದಿದೆ, ಹಾಕ್ತೀನಿ. ಧೂಳು ತೆಗೆದು, ಬಿಸಿ ತಗ್ಗಿಸೋ ಪೇಸ್ಟ್ ಹಚ್ತೀನಿ.” ಮುಚ್ಚಳ ಬಿಚ್ಚಿದರೆ ಫ್ಯಾನಿನ ತುಂಬ ಬಟ್ಟೆಯ ನಾರು. ನನ್ನ ಅಂಗಿಯಿಂದಲೇ ಉದುರಿದ್ದು. “ಏನ್ಸಾರ್, ದಿಂಬು ತುಂಬ್ಸೋ ಪ್ಲಾನಾ?” ನಗು ಬರಲಿಲ್ಲ.

ಹೊರಡುವಾಗ ಹೇಳಿದ: “ಆಟದ ಸೆಟ್ಟಿಂಗ್ಸ್‌ನಲ್ಲಿ ನೆರಳು, ಮಂಜು, ಹುಲ್ಲು — ಎಲ್ಲಾ ಆಫ್ ಮಾಡ್ಕೊಳ್ಳಿ. ಚಂದ ಹೋಗುತ್ತೆ, ಓಟ ಬರುತ್ತೆ.”

ಮಾರ್ಚ್ 9, ಶನಿವಾರ

ಸೆಟ್ಟಿಂಗ್ಸ್ ಎಲ್ಲ ಇಂಗ್ಲಿಷು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಏನೋ ಒತ್ತಿ ಆಟವೇ ಅಳಿಸಿಹೋದರೆ? ನೆರಳು ಆಫ್. ಮಂಜು ಆಫ್. ಹುಲ್ಲು ಆಫ್. ಬಯಲು ಬೋಳುತಲೆಯ ಹಾಗಾಯಿತು.

ಆದರೆ ಓಡಿತು! ಸೇತುವೆ ದಾಟಿದೆ, ವಾಪಸ್ ಬಂದೆ, ಮತ್ತೆ ದಾಟಿದೆ. ಹುಚ್ಚನ ಹಾಗೆ. ಮಗಳಿಗೆ ಹೇಳಿಲ್ಲ. ನಾಳೆ ನೋಡಲಿ.

ಮಾರ್ಚ್ 10, ಭಾನುವಾರ

ಬೋಳು ನೆಲದ ನಡುವೆ ಮಗಳು ಕುಕ್ಕುರುಗಾಲಲ್ಲಿ ಕೂತಿದ್ದಳು. ಅವಳದೇ ಕೆಂಪು ಟೋಪಿ. ಪಕ್ಕದಲ್ಲಿ ಗೆಳತಿ. ಎದುರಿಗೇ ಹೋಗಿ ನಿಂತೆ.

“ಎಲ್ಲಿದ್ದೀಯ ಪುಟ್ಟಿ?”

“ತುಂಬಾ ದೂರ ಅಪ್ಪಾ. ಬೆಟ್ಟದ ಆಚೆ. ನೀನು ಬರೋಷ್ಟರಲ್ಲಿ ಟೈಮ್ ಆಗೋಗುತ್ತೆ.”

ಹಿಂದಿನಿಂದ ಪಿಸುಪಿಸು — “ಅಲ್ಲಾಡ್ಬೇಡ ಕಣೇ, ಹೋಗ್ತಾರೆ.”

ಹೋದೆ. ರ‍್ಯಾಮ್ ಹಳೆಯದು, ಏನೋ ಕೆಟ್ಟಿರಬೇಕು. ಇಲ್ಲದವರನ್ನು ಇದ್ದ ಹಾಗೆ ತೋರಿಸುತ್ತಿದೆ. ಪಿಸುಮಾತು ಬೇರೆ ಯಾರ ಬಗ್ಗೆಯೋ. ಹಾಗೇ ಇರಬೇಕು.

ಮಾರ್ಚ್ 11, ಸೋಮವಾರ

ರಿಪೇರಿಯವನನ್ನು ಕೇಳಿದೆ. ಮಗಳ ವಿಷಯ ಎತ್ತಲಿಲ್ಲ. ಬಿದ್ದು ಬಿದ್ದು ನಕ್ಕ. “ಕೆಟ್ಟಿಲ್ಲ ಸಾರ್! ಹುಲ್ಲು ಆಫ್ ಆಗಿರೋದು ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ. ಜೊತೇಲಿ ಆಡೋರ ಸ್ಕ್ರೀನಲ್ಲಿ ಎದೆಮಟ್ಟ ಹುಲ್ಲಿದೆ. ಅಡಗಿದ್ದೀವಿ ಅಂದ್ಕೊಂಡು ಕೂತಿರ್ತಾರೆ ಪಾಪ, ನಿಮಗೆ ಎಲ್ಲಾ ಕಾಣುತ್ತೆ. ಲಾಭ ನಿಮಗೇ!”

ಹೌದು. ನನಗೇ.

ಮಾರ್ಚ್ 24, ಭಾನುವಾರ, ಸಂಜೆ

ಹೋದ ವಾರ ತಲೆನೋವು ಎಂದು ತಪ್ಪಿಸಿಕೊಂಡೆ. “ಪರವಾಗಿಲ್ಲಪ್ಪಾ” ಎಂದಳು. ಎಷ್ಟು ಬೇಗ ಎಂದಳು... ನಾನು ಮಾತು ಮುಗಿಸಿರಲೂ ಇಲ್ಲ.

ಇವತ್ತು ಕೂರುವ ಮೊದಲು ಹುಲ್ಲು ಮತ್ತೆ ಆನ್ ಮಾಡಿದೆ. ಪೂರ್ತಿ. ಪರದೆ ಕುಂಟತೊಡಗಿತು. ಎಲ್ಲೆಲ್ಲೂ ಹಸಿರು. ಅದರೊಳಗೆ ಎಲ್ಲಾದರೂ ಕೂತಿರಲಿ, ನನಗೆ ಕಾಣುವುದು ಬೇಡ.

“ಅಪ್ಪಾ, ನಾನು ಕಾಣಿಸ್ತಿದ್ದೀನಾ?”

“ಇಲ್ಲ ಪುಟ್ಟಿ.”

ಗೆಳತಿಯ ಸದ್ದಿರಲಿಲ್ಲ. ಮಗಳ ಉಸಿರಾಟ ಮಾತ್ರ ಕೇಳುತ್ತಿತ್ತು, ಕಿವಿಯ ಪಕ್ಕದಲ್ಲೇ ಇದ್ದ ಹಾಗೆ. ಬೇಜಾರಾದರೆ ಆಟ ಬಿಟ್ಟುಬಿಡೋಣ, ನಾನೇನೂ ಅಂದುಕೊಳ್ಳುವುದಿಲ್ಲ — ಹೀಗೆ ಹೇಳಬೇಕು ಎಂದು ವಾರವಿಡೀ ಬಾಯಿಪಾಠ ಮಾಡಿದ್ದೆ. “ಪುಟ್ಟೀ” ಎಂದೆ. “ಹೂಂ?” ಎಂದಳು. ಆಮೇಲೆ ನನ್ನ ಬಾಯಿಂದ ಬಂದದ್ದು — “ಮುಂದಿನ ಭಾನುವಾರವೂ ಬರ್ತೀಯಲ್ಲ?”